ಪೂರ್ವನಿದರ್ಶನ: ಒಂದು ಪದವಿಚಾರ

ಆಂಗ್ಲಭಾಷೆಯ ಎರಡು ಪದಗಳು ಕನ್ನಡಿಗರ ಕಿವಿಗೆ ಒಂದೇ ‘ಪ್ರೆಸಿಡೆಂಟ್’ ಆಗಿ ಕೇಳಿಸುತ್ತವೆ. ಒಂದರ ಅರ್ಥ ಅಧ್ಯಕ್ಷ, ಇನ್ನೊಂದರದು ಪೂರ್ವನಿದರ್ಶನ. ಎರಡೂ ಲ್ಯಾಟಿನ್ ಮೂಲದವು. ಮೊದಲನೆಯದು ಮುಂದೆ ಕುಳಿತವನನ್ನು, ಎರಡನೆಯದು ಮುಂದಾಗಿ ನಡೆದುದನ್ನು ಸೂಚಿಸುತ್ತದೆ. ಎರಡನೆಯದರ ಧಾತುವಿನಿಂದಲೇ ಬಂದ ‘ಪ್ರಿಸೀಡ್’ ಎಂದರೆ ಮೊದಲು ಬರುವುದು. ವಿದ್ಯಾರ್ಥಿಗಳು ಇದನ್ನು ಮುಂದುವರಿಯುವುದೆಂಬ ಅರ್ಥದ ‘ಪ್ರೊಸೀಡ್’ನೊಡನೆ ಬೆರೆಸಲಾಗದು.

ನ್ಯಾಯಾಲಯದಲ್ಲಿ ಪೂರ್ವನಿದರ್ಶನವೆಂದರೆ ಮುಂದಿನ ಪ್ರಕರಣಗಳಿಗೆ ಮಾರ್ಗ ತೋರುವ ಹಿಂದಿನ ತೀರ್ಪು. ಸರ್ವೋಚ್ಚ ನ್ಯಾಯಾಲಯ ಸಾರಿದ ಕಾನೂನಿಗೆ ದೇಶದ ಎಲ್ಲ ನ್ಯಾಯಾಲಯಗಳೂ ಬದ್ಧವೆಂದು ಸಂವಿಧಾನದ 141ನೆಯ ಅನುಚ್ಛೇದ ವಿಧಿಸಿದೆ. ಒಂದೇ ಬಗೆಯ ವ್ಯಾಜ್ಯಕ್ಕೆ ಒಂದೇ ಬಗೆಯ ನ್ಯಾಯ ದೊರೆಯಬೇಕೆಂಬುದು ಇದರ ಆಶಯ.

ಆದರೆ ಆ ನ್ಯಾಯಾಲಯವು ತನ್ನ ಹಿಂದಿನ ನುಡಿಗೆ ತಾನೇ ಸೆರೆಯಾಗಿಲ್ಲ. ಸಂಸತ್ತು ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸಲಾಗದೆಂಬ 1967ರ ಗೋಲಕನಾಥ ತೀರ್ಪನ್ನು, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಪ್ರಕರಣದಲ್ಲಿ 13 ನ್ಯಾಯಾಧೀಶರ ಪೀಠವು 1973ರಲ್ಲಿ ತಳ್ಳಿಹಾಕಿತು. ಸಂವಿಧಾನವನ್ನು ತಿದ್ದಬಹುದು, ಅದರ ಮೂಲಸ್ವರೂಪವನ್ನು ಕೆಡಿಸಲಾಗದು ಎಂದು 7 ಮಂದಿಯ ಬಹುಮತ ನಿರ್ಣಯಿಸಿತು. ಹಳೆಯ ನಿದರ್ಶನವನ್ನು ಮೀರಿದ ಆ ತೀರ್ಪೇ ಇಂದು ಮಹಾನಿದರ್ಶನವಾಗಿದೆ.

ಹಿರಿಯರು ತುಳಿದ ದಾರಿಯನ್ನು ಕಾರಣವಿಲ್ಲದೆ ಬಿಡಬಾರದು. ಬಿಡಬೇಕಾದಾಗ ಕಾರಣವನ್ನು ಹೇಳದೆಯೂ ಇರಬಾರದು. ಈ ಪದ ಕಲಿಸುವ ವಿವೇಕವಿದು.