ತಾಲೀಮಿನ ಮನೆಯಲ್ಲಿ ನಡುವಯಸ್ಸು

ಮುಂಬಯಿಗೆ ಬಂದ ಕನ್ನಡಿಗ ತನ್ನ ಟ್ರಂಕಿನಲ್ಲಿ ಎರಡು ಜೊತೆ ಬಟ್ಟೆಯೊಂದಿಗೆ ನಾಟಕದ ಹುಚ್ಚನ್ನೂ ತುಂಬಿಕೊಂಡೇ ಬಂದನೆಂದರೆ ಉತ್ಪ್ರೇಕ್ಷೆಯಾಗಲಾರದು. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕೋಟೆ ವಿಭಾಗದ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತ ತರುಣರಲ್ಲಿ ಎಷ್ಟೋ ಮಂದಿ ಮೊದಲು ಬಣ್ಣ ಹಚ್ಚಿದ್ದು ಶಾಲೆಯ ವಾರ್ಷಿಕೋತ್ಸವದಲ್ಲಿ. 1926ರಲ್ಲಿ ಸ್ಥಾಪನೆಗೊಂಡ ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮ್‌ನಲ್ಲಿ ವಿಶ್ವೇಶ್ವರಯ್ಯ ಸ್ಮಾರಕ ಮಂದಿರವನ್ನು ಕಟ್ಟಿಕೊಂಡಿರುವ ಕರ್ನಾಟಕ ಸಂಘ ಮೊದಲಾದ ಸಂಸ್ಥೆಗಳು ಈ ಹುಚ್ಚಿಗೆ ಆಸರೆ ನೀಡುತ್ತ ಬಂದಿವೆ. ನಾಟಕಕಾರರ ಬಗೆಗೂ ನಿರ್ದೇಶಕರ ಬಗೆಗೂ ನಮ್ಮ ಸ್ಮರಣ ಸಂಚಿಕೆಗಳಲ್ಲಿ ಬೇಕಾದಷ್ಟು ಬರೆಯಲಾಗಿದೆ. ಐವತ್ತರ ಆಸುಪಾಸಿನಲ್ಲಿ ನಿಂತು ಇನ್ನೂ ತಾಲೀಮಿಗೆ ಹೋಗುವ ಹವ್ಯಾಸಿ ನಟನ ದೇಹದ ಬಗ್ಗೆ ಮಾತ್ರ ಯಾರೂ ಬರೆದಂತಿಲ್ಲ. ಆರೋಗ್ಯಕ್ಕೆ ಮೀಸಲಾದ ಈ ಪುಟಗಳಲ್ಲಿ ಆ ಮಾತಿಗೆ ಅವಕಾಶವಿದೆಯೆಂದು ಭಾವಿಸುತ್ತೇನೆ.

ಹಳೆಯ ರಂಗಭೂಮಿಯಲ್ಲಿ ನಟನಿಗೆ ಹಲವು ರಕ್ಷಣೆಗಳಿದ್ದವು. ಪಕ್ಕದ ಪರದೆಯ ಮರೆಯಲ್ಲಿ ಪ್ರಾಂಪ್ಟರ್ ಇರುತ್ತಿದ್ದ. ಮರೆತ ಮಾತು ಅಲ್ಲಿಂದ ತೇಲಿ ಬರುತ್ತಿತ್ತು. ಗಡ್ಡ, ಕಿರೀಟ, ಜರಿಯ ನಿಲುವಂಗಿಗಳು ಬೊಜ್ಜನ್ನು ಮುಚ್ಚುತ್ತಿದ್ದವು. ಮೇಲಿನಿಂದ ಇಳಿಬಿಟ್ಟ ಮೈಕು ದನಿಯ ಬಡತನವನ್ನು ನೀಗಿಸುತ್ತಿತ್ತು. 1960 ಮತ್ತು 70ರ ದಶಕಗಳಲ್ಲಿ ಗಿರೀಶ ಕಾರ್ನಾಡ, ಲಂಕೇಶ, ಕಂಬಾರರ ನಾಟಕಗಳೂ ಬಿ. ವಿ. ಕಾರಂತರ ರಂಗಪ್ರಯೋಗಗಳೂ ಬಂದಾಗ ಕನ್ನಡದಲ್ಲಿ ಈ ರಕ್ಷಣೆಗಳು ಒಂದೊಂದಾಗಿ ಕಳಚಿಕೊಂಡವು. ಮುಂಬಯಿಯಲ್ಲಿ ಅದೇ ಗಾಳಿ ಮರಾಠಿಯಿಂದಲೂ ಬೀಸಿತು. ದಾದರಿನ ಛಬೀಲ್‌ದಾಸ್ ಶಾಲೆಯ ಸಭಾಗೃಹದಲ್ಲಿ 1974ರಿಂದ ‘ಆವಿಷ್ಕಾರ’ ತಂಡ ನಡೆಸಿದ ಪ್ರಯೋಗಗಳನ್ನು ಕಂಡವರಿಗೆ ಗೊತ್ತು: ಪ್ರೇಕ್ಷಕ ಕೈಯಳತೆಯಲ್ಲಿ ಕುಳಿತಿರುತ್ತಾನೆ, ನಟನ ಉಸಿರು ಕಟ್ಟಿದರೆ ಅವನಿಗೆ ಕೇಳಿಸುತ್ತದೆ. ಅಲ್ಲಿ ನಟನ ಬಂಡವಾಳವೆಂದರೆ ಗಂಟಲು, ಕಾಲು, ನೆನಪು ಇಷ್ಟೇ. ಇಪ್ಪತ್ತೈದರಲ್ಲಿ ಈ ಮೂರನ್ನೂ ನಂಬಬಹುದು. ಐವತ್ತರಲ್ಲಿ?

ಈ ನಗರದಲ್ಲಿ ಕಚೇರಿಯನ್ನೂ ರಂಗವನ್ನೂ ಒಟ್ಟಿಗೆ ಹೊತ್ತವರಲ್ಲಿ ಪ್ರಸಿದ್ಧ ಉದಾಹರಣೆ ಅಮರೀಶ್ ಪುರಿಯವರದು. ಕಾರ್ಮಿಕ ರಾಜ್ಯ ವಿಮಾ ನಿಗಮದಲ್ಲಿ ಎರಡು ದಶಕಗಳ ಕಾಲ ನೌಕರಿ ಮಾಡಿಕೊಂಡೇ ಅವರು ಸತ್ಯದೇವ್ ದುಬೆಯವರ ತಂಡದಲ್ಲಿ ಅಭಿನಯಿಸಿದರು. ಕಾರ್ನಾಡರ ‘ಕಾಡು’ ಚಿತ್ರದಲ್ಲಿ ಕನ್ನಡಿಗರು ಅವರನ್ನು ಕಂಡಾಗ, ಅಂದರೆ 1973ರಲ್ಲಿ, ಅವರು ನಲವತ್ತು ದಾಟಿದ್ದರು. ವಿಜಯ್ ತೆಂಡುಲ್ಕರರ ‘ಶಾಂತತಾ! ಕೋರ್ಟ್ ಚಾಲೂ ಆಹೇ’ ನಾಟಕದ ಬೀಜವಾದರೂ ಎಲ್ಲಿಯದು? ಅಣಕು ನ್ಯಾಯಾಲಯದ ಪ್ರದರ್ಶನಕ್ಕೆಂದು ವಿಲೆಪಾರ್ಲೆಗೆ ಹೊರಟಿದ್ದ ಹವ್ಯಾಸಿ ತಂಡವೊಂದರ ಮಾತುಕತೆಯಿಂದ ಅದು ಹುಟ್ಟಿತೆಂದು ಪ್ರತೀತಿ. ಲೋಕಲ್ ರೈಲಿನ ಹವ್ಯಾಸಿ ನಟ ಹೀಗೆ ತಾನೇ ನಾಟಕದ ವಸ್ತುವಾದವನು.

ಈಗ ನಮ್ಮವನ ದಿನಚರಿಯತ್ತ ಬರೋಣ. ಹೆಸರು ಬೇಡ, ಪ್ರತಿ ಸಂಘದಲ್ಲಿಯೂ ಇಂಥವರು ಮೂರು ನಾಲ್ಕು ಮಂದಿ ಇದ್ದೇ ಇರುತ್ತಾರೆ. ಮನೆ ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ. ಕಚೇರಿ ಕೋಟೆಯಲ್ಲೋ ಅಂಧೇರಿಯಲ್ಲೋ. ಆರು ಗಂಟೆಗೆ ಕಚೇರಿ ಬಿಟ್ಟು, ಗುಂಪಿನಲ್ಲಿ ಒಂದೇ ಕಾಲಿನ ಮೇಲೆ ನಿಂತು, ಏಳರ ಹೊತ್ತಿಗೆ ಮಾಟುಂಗವನ್ನು ತಲಪುತ್ತಾನೆ. ನಿಲ್ದಾಣದ ಹೊರಗೆ ಒಂದು ವಡಾ ಪಾವ್, ಒಂದು ಕಟಿಂಗ್ ಚಹಾ. ಮಗನ ವಯಸ್ಸಿನ ನಿರ್ದೇಶಕ, “ಅಣ್ಣ, ಇವತ್ತು ಎರಡನೆಯ ಅಂಕ ಪುಸ್ತಕವಿಲ್ಲದೆ ಮಾಡೋಣ” ಎನ್ನುತ್ತಾನೆ. ಅಣ್ಣನ ಎದೆ ಧಸಕ್ಕೆನ್ನುತ್ತದೆ. ಕನ್ನಡಕವಿಲ್ಲದೆ ಅಕ್ಷರ ಕಾಣದು; ಪಾತ್ರಕ್ಕೆ ಕನ್ನಡಕವಿಲ್ಲ. ತಾಲೀಮು ಒಂಬತ್ತೂವರೆಯವರೆಗೆ ನಡೆದು, ಅನಂತರ ಚರ್ಚೆ (ಪ್ರಯೋಗಶೀಲ ತಂಡಗಳಲ್ಲಿ ತಾಲೀಮಿಗಿಂತ ಚರ್ಚೆಯೇ ದೀರ್ಘವೆಂಬ ದೂರು ಇದೆ, ಅದರಲ್ಲಿ ಹುರುಳೂ ಇದೆ), ಹನ್ನೊಂದೂವರೆಗೆ ಮನೆ, ಊಟ, ಒಂದು ಗಂಟೆಗೆ ನಿದ್ರೆ, ಆರಕ್ಕೆ ಮತ್ತೆ ಎಚ್ಚರ.

ಮೊದಲು ನೆನಪಿನ ಮಾತು. ನಡುವಯಸ್ಸಿನ ನಟರು ನಿಜವಾಗಿ ಹೆದರುವುದು ಇದಕ್ಕೇ. ಮಾತು ಮರೆತರೆ ಪಾತ್ರ ಹೋಗುತ್ತದೆ, ಪಾತ್ರ ಹೋದರೆ ಮುಂದಿನ ನಾಟಕಕ್ಕೆ ಕರೆ ಬರುವುದಿಲ್ಲ. ಆದರೆ ವಿಜ್ಞಾನ ಇಲ್ಲಿ ನಟನ ಪರವಾಗಿದೆ. ಅಮೆರಿಕದ ಷಿಕಾಗೋ ಸಮೀಪದಲ್ಲಿ ಮನೋವಿಜ್ಞಾನಿ ಹೆಲ್ಗಾ ನೊಯ್ಸ್ ಹಾಗೂ ಅವರ ಪತಿ, ರಂಗಶಿಕ್ಷಕ ಟೋನಿ ನೊಯ್ಸ್ ನಟರು ಮಾತು ಕಲಿಯುವ ಬಗೆಯನ್ನು ವರ್ಷಗಟ್ಟಲೆ ಅಭ್ಯಸಿಸಿದರು. ಒಳ್ಳೆಯ ನಟರು ಗಿಳಿಪಾಠ ಮಾಡುವುದಿಲ್ಲ. ‘ಈ ಮಾತಿನಿಂದ ಎದುರಿನವನನ್ನು ನಾನೇನು ಮಾಡಲು ಹೊರಟಿದ್ದೇನೆ’ ಎಂದು ಕೇಳಿಕೊಳ್ಳುತ್ತಾರೆ. ಚಲನೆಯೊಂದಿಗೆ ಕಲಿತ ಮಾತು ನಿಂತಲ್ಲೇ ಕಲಿತ ಮಾತಿಗಿಂತ ಗಟ್ಟಿಯಾಗಿ ಉಳಿಯುತ್ತದೆ. 2004ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಅರುವತ್ತು ದಾಟಿದವರಿಗೆ ಒಂದು ತಿಂಗಳು ಅಭಿನಯದ ತರಬೇತಿ ನೀಡಲಾಯಿತು. ಅವರ ಸ್ಮರಣಶಕ್ತಿ ಸುಧಾರಿಸಿತು. ಆದುದರಿಂದ ರೈಲಿನ ಮೂಲೆಯಲ್ಲಿ ನಿಂತು ಮಾತುಗಳನ್ನು ಉರುಹೊಡೆಯುವವರು, ಮನೆಯ ಓಣಿಯಂಥ ಕೋಣೆಯಲ್ಲಾದರೂ ನಾಲ್ಕು ಹೆಜ್ಜೆ ನಡೆಯುತ್ತ ಹೇಳಿಕೊಳ್ಳುವುದು ಲೇಸು. ಕಲಿತದ್ದು ನೆಲೆಗೊಳ್ಳುವುದು ನಿದ್ರೆಯಲ್ಲಿ. ಐದು ಗಂಟೆಯ ನಿದ್ರೆಯಲ್ಲಿ ಎರಡನೆಯ ಅಂಕ ನಿಲ್ಲುವುದಿಲ್ಲವೆಂದು ನಿರ್ದೇಶಕರಿಗೆ ಯಾರಾದರೂ ಹೇಳಬೇಕು.

ದನಿಯ ವಿಷಯ. ಸಹಜ ಮಾತಿನಲ್ಲಿ ಗಂಡಸಿನ ಧ್ವನಿತಂತುಗಳು ಸೆಕೆಂಡಿಗೆ ನೂರಕ್ಕೂ ಮಿಕ್ಕಿ, ಹೆಂಗಸಿನವು ಸುಮಾರು ಇನ್ನೂರು ಬಾರಿ ಕಂಪಿಸುತ್ತವೆ. ವಯಸ್ಸಾದಂತೆ ಅವು ತೆಳುವಾಗುತ್ತವೆ, ಒಣಗುತ್ತವೆ. ತಾಲೀಮಿಗೆ ಮುನ್ನ ಐದು ನಿಮಿಷ ಬಾಯಿ ಮುಚ್ಚಿ ಗುನುಗುವುದು, ದಿನವಿಡೀ ಗುಟುಕು ಗುಟುಕಾಗಿ ನೀರು ಕುಡಿಯುವುದು, ಗಂಟಲು ಕಟ್ಟಿದ ದಿನ ಬರಿಯ ನೀರಿನ ಹಬೆ ತೆಗೆದುಕೊಂಡು ಮೌನವಾಗಿರುವುದು ಸಾಕು. ಪಿಸುಮಾತು ವಿಶ್ರಾಂತಿಯಲ್ಲ, ಬಲವಂತದ ಪಿಸುಮಾತು ತಂತುಗಳನ್ನು ಇನ್ನೂ ದಣಿಸುತ್ತದೆ. ದನಿ ಗಡಸಾಗಲೆಂದು ತಂಬಾಕಿನ ಎಲೆಯಡಿಕೆ ಜಗಿಯುವ ಹಳೆಯ ಚಾಳಿ ಇನ್ನೂ ಕೆಲವರಲ್ಲಿದೆ. ಬಾಯಿ ಮತ್ತು ಗಂಟಲಿನ ಕ್ಯಾನ್ಸರಿಗೆ ಅದು ನೇರ ದಾರಿ. ಗೊಗ್ಗರು ದನಿ ಮೂರು ವಾರ ಕಳೆದರೂ ಹೋಗದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರಿಂದ ಒಳಗಣ್ಣಾಡಿಸಲೇಬೇಕು. ರಾತ್ರಿ ಹನ್ನೆರಡಕ್ಕೆ ಅನ್ನ-ಸಾರು ಉಂಡು ಕೂಡಲೇ ಮಲಗುವವರ ಗಂಟಲನ್ನು ಮೇಲಕ್ಕೇರಿದ ಜಠರದ ಆಮ್ಲವೇ ಸುಡುತ್ತಿರುವುದುಂಟು. ಅದಕ್ಕೆ ಜೇಷ್ಠಮಧು ಚೀಪಿದರೆ ಪ್ರಯೋಜನವಿಲ್ಲ. ಊಟವನ್ನು ಮೊದಲೇ ಮುಗಿಸಬೇಕು.

ಊಟವೆಂದಾಗ ಒಂದು ಗಂಭೀರ ವಿಷಯಕ್ಕೆ ಬರಬೇಕಾಗುತ್ತದೆ. ಈ ವಯಸ್ಸಿನ ನಮ್ಮವರಲ್ಲಿ ಸಕ್ಕರೆ ಕಾಯಿಲೆ ಅಪರೂಪವಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಿಗೆ ಊಟ ತಡವಾದರೆ ಅಪಾಯ ಕಡಿಮೆ. ಆದರೆ ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಬಳಸುವವರು ಹೊಟ್ಟೆ ಖಾಲಿ ಬಿಟ್ಟರೆ ರಕ್ತದ ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗಿಳಿಯಬಹುದು. ಆಗ ಕೈ ನಡುಗುತ್ತದೆ, ಬೆವರೊಡೆಯುತ್ತದೆ, ಎದೆ ಬಡಿದುಕೊಳ್ಳುತ್ತದೆ, ಮಾತು ತಡವರಿಸುತ್ತದೆ, ನೆನಪು ಕೈಕೊಡುತ್ತದೆ. ಈ ಲಕ್ಷಣಗಳನ್ನು ಒಮ್ಮೆ ಓದಿ ನೋಡಿ: ಸಭಾಕಂಪದ ಲಕ್ಷಣಗಳೂ ಇವೇ ಅಲ್ಲವೆ? ತಂಡದ ಉಳಿದವರು ‘ಅಣ್ಣನಿಗೆ ಹೆದರಿಕೆ’ ಎಂದು ನಗುತ್ತಾರೆ. ಅಣ್ಣನೂ ಹಾಗೆಯೇ ನಂಬಿ, ಇನ್ನೊಮ್ಮೆ ಮಾಡುತ್ತೇನೆಂದು ಎದ್ದು ನಿಲ್ಲುತ್ತಾನೆ. ಮುಂದಿನ ಹಂತ ಪ್ರಜ್ಞೆ ತಪ್ಪುವುದು. ಸಂಶಯ ಬಂದ ಕ್ಷಣವೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು, ಹದಿನೈದು ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಪ್ರತಿ ತಂಡದ ನಿರ್ದೇಶಕನಿಗೆ ತನ್ನ ನಟರಲ್ಲಿ ಯಾರು ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆಂಬುದು ಗೊತ್ತಿರಬೇಕು. ಬೆಳಕಿನ ವಿನ್ಯಾಸಕ್ಕಿಂತ ಇದು ಮುಖ್ಯ. ಎಂಟು ಗಂಟೆಗೆ ಹದಿನೈದು ನಿಮಿಷದ ವಿರಾಮ, ಮನೆಯಿಂದ ತಂದ ಎರಡು ಚಪಾತಿ ಅಥವಾ ಮೊಸರನ್ನ. ಇಷ್ಟಾದರೆ ರಾತ್ರಿಯ ಊಟದ ಪ್ರಶ್ನೆಯೂ ಬಗೆಹರಿಯುತ್ತದೆ.

ಹೃದಯದ ಬಗ್ಗೆ ಎರಡೇ ಮಾತು. 2007ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53, ಉಳಿದ ದೇಶಗಳಲ್ಲಿ ಸುಮಾರು 59. ನಾವು ಮಾತನಾಡುತ್ತಿರುವ ನಟನ ವಯಸ್ಸೇ ಇದು. ತಾಲೀಮಿನಲ್ಲಿ ಎದೆಯ ನಡುವೆ ಬಿಗಿತ, ದವಡೆಗೋ ತೋಳಿಗೋ ಹರಿಯುವ ನೋವು, ತಣ್ಣನೆಯ ಬೆವರು ಕಾಣಿಸಿಕೊಂಡರೆ, ವಡಾ ಪಾವ್‌ನ ಗ್ಯಾಸೆಂದು ಸೋಡಾ ಕುಡಿಯದೆ, 108ಕ್ಕೆ ಕರೆ ಮಾಡಬೇಕು. ರಕ್ತದೊತ್ತಡದ ಮಾತ್ರೆಯನ್ನು ಪ್ರದರ್ಶನದ ದಿನವೂ ತಪ್ಪಿಸಬಾರದು.

ಇಷ್ಟೆಲ್ಲ ಓದಿದವರು, ‘ಈ ವಯಸ್ಸಿನಲ್ಲಿ ಇವನಿಗೆ ನಾಟಕವೇಕೆ?’ ಎನ್ನಬಹುದು. ನೆರೆಕರೆಯವರು ಎನ್ನುತ್ತಲೇ ಇದ್ದಾರೆ. ಲೆಕ್ಕಕ್ಕೆ ಕುಳಿತರೆ ಅವರ ವಾದ ಸರಿಯೇ: ಹತ್ತು ವಾರ, ವಾರಕ್ಕೆ ನಾಲ್ಕು ಸಂಜೆ, ದಿನಕ್ಕೆ ಎರಡೂವರೆ ಗಂಟೆ, ಒಟ್ಟು 100 ಗಂಟೆ, ಪ್ರದರ್ಶನಗಳು ಎರಡು, ಅದೃಷ್ಟವಿದ್ದರೆ ಮೂರು. ಸಂಭಾವನೆಯ ಮಾತೇ ಇಲ್ಲ, ರೈಲಿನ ಪಾಸೂ ಅವನದೇ. ಆದರೆ ಹಗಲಿಡೀ ಹಿಂದಿ, ಮರಾಠಿ, ಇಂಗ್ಲಿಷುಗಳಲ್ಲಿ ಬದುಕುವ ಮನುಷ್ಯ ಎರಡೂವರೆ ಗಂಟೆ ಕನ್ನಡದಲ್ಲಿ ಸಿಟ್ಟಾಗುತ್ತಾನೆ, ಅಳುತ್ತಾನೆ, ಸುಳ್ಳು ಹೇಳುತ್ತಾನೆ. ನನ್ನ ಮಟ್ಟಿಗೆ ಈ ಔಷಧವನ್ನು ಯಾವ ಅಂಗಡಿಯೂ ಮಾರುವುದಿಲ್ಲ. ದೇಹ ತಡೆಯುವಷ್ಟು ದಿನ ಅವನು ಹೋಗಲಿ. ಹೆಚ್ಚು ದಿನ ತಡೆಯುವಂತೆ ದೇಹವನ್ನು ನೋಡಿಕೊಳ್ಳಲಿ, ತಂಡವೂ ನೋಡಿಕೊಳ್ಳಲಿ.

ಮನೆಯವರ ಪಾಲಂತೂ ಎಲ್ಲೂ ಮುದ್ರಣವಾಗುವುದಿಲ್ಲ. ಭಾನುವಾರ ಬೆಳಿಗ್ಗೆ ತರಕಾರಿ ಹೆಚ್ಚುತ್ತ ಹೆಂಡತಿ ಎದುರು ಪಾತ್ರದ ಮಾತುಗಳನ್ನು ಓದಿ ಹೇಳುತ್ತಾಳೆ: “ಇಲ್ಲಿ ‘ಆದರೆ’ ಇಲ್ಲ ಮಾರಾಯ್ರೇ, ‘ಆದರೂ’ ಅಂತಿದೆ.” ಕಾನ್ವೆಂಟಿನಲ್ಲಿ ಓದುವ, ಕನ್ನಡ ಲಿಪಿ ಬಾರದ ಮಗಳು ಕಿವಿಯಿಂದಲೇ ಅಂಕವನ್ನು ಕಲಿತುಬಿಡುತ್ತಾಳೆ. ಪ್ರದರ್ಶನದ ಸಂಜೆ ಮೂರನೆಯ ಸಾಲಿನಲ್ಲಿ ಕುಳಿತು, ಅಪ್ಪನಿಗಿಂತ ಅರೆಕ್ಷಣ ಮುಂಚಿತವಾಗಿ ಅವಳ ತುಟಿಗಳು ಆ ಮಾತುಗಳನ್ನು ಆಡುತ್ತಿರುತ್ತವೆ.