ಹಳೆಯ ಸೈಕಲ್ಲಿನ ಎಲುಬುಗೂಡು

ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ಹಳೆಯ ಮನೆಗಳ ಪಡಸಾಲೆಯಲ್ಲೋ ದನದ ಕೊಟ್ಟಿಗೆಯಲ್ಲೋ ಇಂದಿಗೂ ಒಂದು ಕಪ್ಪು ಸೈಕಲ್ಲು ಗೋಡೆಗೆ ಒರಗಿ ನಿಂತಿರುವುದನ್ನು ವಾಚಕರು ಕಂಡಿರಬಹುದು. ಟೈರು ಬಿರಿದಿರುತ್ತದೆ, ಸೀಟಿನ ಚರ್ಮ ಸುರುಟಿಕೊಂಡಿರುತ್ತದೆ. ಹಬ್ಬದ ಮುಂಚೆ ಮನೆ ಸಾರಿಸುವಾಗ ಅದು ಅಂಗಳಕ್ಕೆ ಬರುತ್ತದೆ. ಗುಜರಿಯವನ ತಕ್ಕಡಿಯಲ್ಲಿ ಅದರ ಬೆಲೆ ಕಿಲೋ ಲೆಕ್ಕದಲ್ಲಿ ನಿಶ್ಚಯವಾಗುತ್ತದೆ. ನಮ್ಮ ಮನೆಯ ಸೈಕಲ್ಲಿಗೂ ಇದೇ ಗತಿ ಒದಗಲಿತ್ತು.

ನಮ್ಮ ತಂದೆಯವರು ಕೃಷ್ಣಾ ತೀರದ ಹಳ್ಳಿಯೊಂದರಲ್ಲಿ ಕನ್ನಡ ಶಾಲೆಯ ಶಿಕ್ಷಕರಾಗಿದ್ದರು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು, ರಾಯಚೂರು ಮೈಸೂರು ರಾಜ್ಯಕ್ಕೂ ಮಹಬೂಬನಗರ ಆಂಧ್ರಕ್ಕೂ ಸೇರಿದ ಮೇಲೆ ನಮ್ಮ ಬೀಗರು ಗಡಿಯ ಆಚೆ ಉಳಿದರು, ನಾವು ಈಚೆ ಉಳಿದೆವು. ಆದರೆ ದಾರಿಗಳು ರಾಜ್ಯವನ್ನು ಕೇಳಿ ಹುಟ್ಟಿದವಲ್ಲ. ಯಾದಗಿರಿ ಜಿಲ್ಲೆಯ ಸೈದಾಪುರದ ರೈಲು ನಿಲ್ದಾಣಕ್ಕೆ ‘ನಾರಾಯಣಪೇಟ್ ರೋಡ್’ ಎಂಬ ಹೆಸರು ಬಂದದ್ದೇ ಇದಕ್ಕೆ ಸಾಕ್ಷಿ. ಪಠ್ಯಪುಸ್ತಕಗಳನ್ನೂ ಮಾಸಪತ್ರಿಕೆಗಳನ್ನೂ ಕ್ಯಾರಿಯರಿಗೆ ಬಿಗಿದುಕೊಂಡು ತಂದೆಯವರು ರಾಯಚೂರಿನಿಂದ ಬರುತ್ತಿದ್ದುದು ಈ ಸೈಕಲ್ಲಿನ ಮೇಲೆಯೇ. ಚೈನಿನ ಕವಚದ ಮೇಲೆ ಅವರ ಹೆಸರೂ ಊರೂ ಹಳದಿ ಬಣ್ಣದ ಕನ್ನಡ ಅಕ್ಷರಗಳಲ್ಲಿವೆ.

ಅದು ರ್‍ಯಾಲೆ ಸೈಕಲ್ಲು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಈ ಪ್ರಸಿದ್ಧ ಕಾರ್ಖಾನೆಯ ಸಹಯೋಗದಿಂದ 1952ರಲ್ಲಿ ಬಂಗಾಳದ ಆಸನ್ಸೋಲ್‌ನಲ್ಲಿ ಸೇನ್-ರ್‍ಯಾಲೆ ಕಾರ್ಖಾನೆ ಆರಂಭವಾಯಿತು. ಅದಕ್ಕೂ ಮುಂಚೆ, 1949ರಲ್ಲಿ, ಮದರಾಸಿನಲ್ಲಿ ಟಿ.ಐ. ಸೈಕಲ್ಸ್ ಹುಟ್ಟಿತ್ತು, ಹರ್ಕ್ಯುಲಿಸ್, ಬಿ.ಎಸ್.ಎ. ಸೈಕಲ್ಲುಗಳು ಅಲ್ಲಿಂದ ಬಂದವು. ಸೋನೀಪತ್‌ನ ಅಟ್ಲಾಸ್ 1951ರದು, ಲೂಧಿಯಾನದ ಹೀರೋ 1956ರದು. ಸೇನ್-ರ್‍ಯಾಲೆ 1980ರಲ್ಲಿ ಸರ್ಕಾರದ ವಶವಾಗಿ ಕಾಲಕ್ರಮದಲ್ಲಿ ಮುಚ್ಚಿಹೋಯಿತು. ಆ ಕಾರ್ಖಾನೆಗಳ ಕೈಗುಣವನ್ನು ಹಳೆಯ ಸೈಕಲ್ಲುಗಳಲ್ಲಿಯೇ ನೋಡಬೇಕು. ತಲೆಯ ಮೇಲಿನ ಬಿಲ್ಲೆ ಕಳೆದುಹೋಗಿದ್ದರೂ ಗುರುತು ಉಳಿದಿರುತ್ತದೆ: ರ್‍ಯಾಲೆಯ ಹಲ್ಲುಚಕ್ರದಲ್ಲಿ ಕೊಕ್ಕರೆಯ ತಲೆಗಳಿರುತ್ತವೆ, ಬಂದೂಕು ತಯಾರಕರಾಗಿದ್ದ ಬಿ.ಎಸ್.ಎ.ಯವರ ಲಾಂಛನದಲ್ಲಿ ಮೂರು ಬಂದೂಕುಗಳು. ಹಂಬರ್ ಸೈಕಲ್ಲಿನ ಮುಂದಿನ ಚಿಮಟಾಕ್ಕೆ ಒಂದೊಂದು ಕಡೆಗೂ ಜೋಡಿ ಕೊಳವೆ.

ಸೈಕಲ್ಲಿನ ಜೀವ ಇರುವುದು ಅದರ ಎಲುಬುಗೂಡಿನಲ್ಲಿ, ಅಂದರೆ ಫ್ರೇಮಿನಲ್ಲಿ. ತೆಳುವಾದ ಉಕ್ಕಿನ ಕೊಳವೆಗಳ ತುದಿಗಳನ್ನು ಅರದಿಂದ ಉಜ್ಜಿ, ಒಂದರ ಮೈಗೆ ಇನ್ನೊಂದು ಕೂರುವಂತೆ ಮಾಡಿ, ಲಗ್ಗು ಎಂಬ ಉಕ್ಕಿನ ತೋಳಿನೊಳಗೆ ಸೇರಿಸುತ್ತಾರೆ. ಬಳಿಕ ಕೆಂಪಗೆ ಕಾಯಿಸಿದಾಗ ಕರಗಿದ ಹಿತ್ತಾಳೆಯು ಕೊಳವೆಗೂ ಲಗ್ಗಿಗೂ ನಡುವಿನ ಕೂದಲೆಳೆಯಷ್ಟು ಸಂದಿನಲ್ಲಿ ತಾನಾಗಿ ಹರಿದು ತುಂಬಿಕೊಳ್ಳುತ್ತದೆ. ಗದ್ವಾಲದ ಸೀರೆ ಉಟ್ಟ ಗೃಹಿಣಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಸೂಜಿಯಿಂದ ಹೊಲಿಯದೆ, ಮಗ್ಗದಲ್ಲೇ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದಷ್ಟೆ? ಎರಡು ಬೇರೆ ವಸ್ತುಗಳು ತಮ್ಮ ಗುಣ ಬಿಡದೆ ಒಂದಾಗುವ ಕುಶಲತೆ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಹಿತ್ತಾಳೆ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತದೆ. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಬೇಕು. ಹೀಗಾಗಿ ಕೊಳವೆ ಕೆಡದೆ ಬೆಸುಗೆ ಕೂಡುತ್ತದೆ. ಬೇಕಾದಾಗ ಮತ್ತೆ ಕಾಯಿಸಿ ಬಿಡಿಸಲೂ ಬರುತ್ತದೆ.

ಈ ಮರ್ಮವನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಕೆಳಗಿನ ಕೊಳವೆಯಲ್ಲಿ, ತಲೆಯ ಲಗ್ಗಿನ ಬಳಿ, ಒಂದು ಬಿರುಕು ಕಾಣಿಸಿತ್ತು. ಅವಸರದಿಂದ ಒಂದು ಅಂಗಡಿಗೆ ಒಯ್ದೆ. ಅಲ್ಲಿ ಕರೆಂಟಿನ ವೆಲ್ಡಿಂಗ್ ಮಾಡಿ, ಮೇಲೆ ದಪ್ಪ ಗಂಟು ಕಟ್ಟಿಕೊಟ್ಟರು. ತಿಂಗಳೊಳಗೆ ಗಂಟಿನ ಪಕ್ಕದಲ್ಲೇ ಕೊಳವೆ ಮತ್ತೆ ಬಿರಿಯಿತು. ತೆಳು ಉಕ್ಕಿಗೆ ಮಿತಿಮೀರಿದ ಉರಿ ತಗುಲಿದ್ದರಿಂದ ಅದು ಸುಟ್ಟು ಸತ್ವ ಕಳೆದುಕೊಂಡಿತ್ತು. “ಇನ್ನೇನು, ಗುಜರಿಗೆ ಕೊಟ್ಟುಬಿಡಪ್ಪಾ” ಎಂದ ನನ್ನ ಮಗ. ಅವ್ವ ಏನೂ ಅನ್ನಲಿಲ್ಲ. ಸೆರಗಿನಿಂದ ಚೈನಿನ ಕವಚವನ್ನು ಒರೆಸಿ ಒಳಗೆ ಹೋದಳು.

ಕೊನೆಗೆ ನಾರಾಯಣಪೇಟೆಯ ಒಬ್ಬ ವೃದ್ಧ ಮಿಸ್ತ್ರಿ ಸಿಕ್ಕರು. ಅವರು ಮೊದಲು ಪಾನಾದಿಂದ ಕೊಳವೆಗಳನ್ನು ಒಂದೊಂದಾಗಿ ತಟ್ಟಿ ಕಿವಿಗೊಟ್ಟರು. ಗಟ್ಟಿ ಕೊಳವೆ ಗಂಟೆಯಂತೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಒಡೆದ ಗಡಿಗೆಯಂತೆ. ಗ್ಯಾಸಿನ ಉರಿಯಲ್ಲಿ ಲಗ್ಗನ್ನು ನಿಧಾನವಾಗಿ ಕಾಯಿಸಿ, ಕೆಟ್ಟ ಕೊಳವೆಯನ್ನು ಹೊರಗೆಳೆದು, ಅದೇ ಅಳತೆಯ ಇನ್ನೊಂದು ಹಳೆಯ ಫ್ರೇಮಿನ ಕೊಳವೆಯನ್ನು ಕೂಡಿಸಿ ಹಿತ್ತಾಳೆ ಹರಿಸಿದರು. ಬಳಿಕ ನೆರೆಮನೆಯ ನೇಕಾರರಿಂದ ಒಂದು ಮಾರು ನೂಲು ತರಿಸಿದರು. ಹಿಂದಿನ ಚಕ್ರ ಕೂರುವ ಎಡಗಡೆಯ ಕಚ್ಚಿಗೆ ನೂಲು ಕಟ್ಟಿ, ತಲೆಯ ಕೊಳವೆಯನ್ನು ಬಳಸಿ, ಬಲಗಡೆಯ ಕಚ್ಚಿಗೆ ಬಿಗಿದರು. ಸೀಟಿನ ಕೊಳವೆಗೂ ನೂಲಿಗೂ ನಡುವಿನ ಅಂತರ ಎರಡು ಕಡೆಯೂ ಸಮನಾಗಿದ್ದರೆ ಫ್ರೇಮು ನೆಟ್ಟಗಿದೆ ಎಂದರ್ಥ. ನಮ್ಮದರಲ್ಲಿ ಮೂರು ಮಿಲಿಮೀಟರ್ ವ್ಯತ್ಯಾಸವಿತ್ತು. ಕಟ್ಟಿಗೆಯ ಮೀಟು ಹಾಕಿ, ಮತ್ತೆ ಮತ್ತೆ ನೂಲು ಹಿಡಿದು, ಅದನ್ನು ಸರಿಪಡಿಸಿದರು. ಉಕ್ಕಿನ ದೊಡ್ಡ ಗುಣವೇ ಇದು: ಬಾಗಿದ್ದನ್ನು ತಾಳ್ಮೆಯಿಂದ ನೆಟ್ಟಗೆ ಮಾಡಬಹುದು.

ಮನೆಯ ಸೈಕಲ್ಲನ್ನು ದುರಸ್ತಿ ಮಾಡಬಯಸುವ ವಾಚಕರಿಗೆ ಕೆಲವು ಸೂಚನೆಗಳು. ಬಿಚ್ಚುವ ಮುಂಚೆ ಪ್ರತಿಯೊಂದು ಭಾಗದ ಫೋಟೋ ತೆಗೆದುಕೊಳ್ಳಿರಿ. ತುಕ್ಕು ಹಿಡಿದ ತಿರುಪುಗಳಿಗೆ ಎಣ್ಣೆ ಬಿಟ್ಟು ಎರಡು ದಿನ ಕಾಯಿರಿ. ಬಲವಂತ ಮಾಡಿದರೆ ಹಳೆಯ ಸುತ್ತುಗಳು ಹಾಳಾಗುತ್ತವೆ. ಎಡಗಾಲಿನ ಪೈಡಲು ಎಡಸುತ್ತಿನದು. ಇಂಗ್ಲಿಷ್ ಮಾದರಿಯ ಸೈಕಲ್ಲುಗಳಲ್ಲಿ ಪೈಡಲ್ ಅಚ್ಚಿನ ಬಲಗಡೆಯ ಬಟ್ಟಲೂ ಅಂಥದೇ. ಇವನ್ನು ರೂಢಿಯಂತೆ ತಿರುಗಿಸಿದರೆ ಸಡಿಲವಾಗುವ ಬದಲು ಇನ್ನೂ ಬಿಗಿಯುತ್ತವೆ. ಕಾಟರ್ ಪಿನ್ನನ್ನು ಹೊಡೆಯುವಾಗ ಕ್ರ್ಯಾಂಕಿನ ಅಡಿಗೆ ಗಟ್ಟಿ ಆಸರೆ ಕೊಡಿರಿ, ಇಲ್ಲದಿದ್ದರೆ ಪೆಟ್ಟೆಲ್ಲ ಛರ್ರಾಗಳ ಮೇಲೆ ಬೀಳುತ್ತದೆ. ಹಿಂದಿನ ಹಬ್ಬಿಗೆ ಸಾಮಾನ್ಯವಾಗಿ ಒಂದೊಂದು ಕಡೆ 9 ಛರ್ರಾ, ಮುಂದಿನದಕ್ಕೆ 10. ಎಣಿಸಿ ಬದಲಿಸಿ ಹೊಸ ಗ್ರೀಸು ತುಂಬಿರಿ. ಹಿತ್ತಾಳೆಯ ಬಿಲ್ಲೆಗೆ ದೇವರ ಸಾಮಾನು ತೊಳೆಯುವ ಹುಣಿಸೆಹಣ್ಣೇ ಸಾಕು. ನಿಕ್ಕಲ್ ಮತ್ತು ಕ್ರೋಮಿಯಂ ಲೇಪಕ್ಕೆ ಮಾತ್ರ ಹುಳಿ ತಾಗಿಸಬಾರದು.

ಉಳಿದದ್ದು ಬಣ್ಣದ ಪ್ರಶ್ನೆ. ಮಗನಿಗೆ ಈಗ ಉತ್ಸಾಹ ಹುಟ್ಟಿತ್ತು. ಎಲ್ಲ ಕೆರೆದು ಥಳಥಳಿಸುವ ಹೊಸ ಕಪ್ಪು ಹಚ್ಚಿಸೋಣ ಎಂದ. ಮಿಸ್ತ್ರಿಯವರು ತಲೆಯಾಡಿಸಿದರು. “ಬಣ್ಣ ಎಂದಾದರೂ ಬಳಿಯಬಹುದು, ಕೆರೆದದ್ದು ತಿರುಗಿ ಬರುವುದಿಲ್ಲ” ಎಂದರು. ಅವರ ಮಾತು ಸರಿಯಾಗಿತ್ತು. ಕುಂಚದಿಂದ ಕೈಯಾರೆ ಎಳೆದ ಚಿನ್ನದ ಗೆರೆಗಳೂ ತಂದೆಯವರ ಹೆಸರೂ ಆ ಹಳೆಯ ಬಣ್ಣದಲ್ಲಿಯೇ ಇದ್ದವು. ಮೇಲಿನ ಬಾರಿನ ಮೇಲೆ ಒಂದು ಗೇಣಿನಷ್ಟು ಬಣ್ಣ ಸವೆದು ಉಕ್ಕು ಕಾಣುತ್ತಿತ್ತು. ಅದು ನಾವು ಮೂವರು ಮಕ್ಕಳು ಸರದಿಯ ಮೇಲೆ ಕೂತು ಶಾಲೆಗೆ ಹೋದ ಜಾಗ. ತುಕ್ಕು ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಬಣ್ಣವನ್ನು ಇದ್ದಂತೆಯೇ ಬಿಟ್ಟೆವು.

ಸೈಕಲ್ಲು ಸಿದ್ಧವಾದ ದಿನ ಅವ್ವ ಅದಕ್ಕೆ ಕುಂಕುಮ ಹಚ್ಚಿ, ಕವಚದ ಮೇಲಿನ ಅಕ್ಷರಗಳನ್ನು ಬೆರಳಿಟ್ಟು ಓದಿದಳು. ತೆಲುಗು ಮಾಧ್ಯಮದಲ್ಲಿ ಓದಿದ ಮೊಮ್ಮಗ ಪಕ್ಕದಲ್ಲಿ ಕುಳಿತು, ತಡವರಿಸುತ್ತ, ಅಜ್ಜನ ಹೆಸರನ್ನು ಕೂಡಿಸಿ ಓದಿದ. ಗುಜರಿಯವನು ತೂಗುವುದು ಉಕ್ಕನ್ನು ಮಾತ್ರ. ನಿಮ್ಮ ಮನೆಯ ಬಾಗಿಲಿಗೆ ಅವನು ಬಂದಾಗ ಒಂದು ದಿನದ ಅವಕಾಶ ಕೇಳಿ. ಒಂದು ಮಾರು ನೂಲು ಹಿಡಿದು ನೋಡಿ.