ಆಟ ನಿಂತಿತು, ಆಧಾರ್ ನಂಬರ್ ಎಲ್ಲಿದೆ?

ಫೋನಿನಲ್ಲಿ ಇಸ್ಪೀಟು ಆಡೋರನ್ನು ನೀವು ನೋಡಿರುತ್ತೀರಿ. ರಾಯಕೋಟೆಯ ಟೊಮೊಟೊ ಮಂಡಿಯಲ್ಲಿ ಲಾರಿಗೆ ಕಾಯುತ್ತಾ ಆಡುತ್ತಿದ್ದರು. ಹೊಸೂರಿನ ಕಂಪನಿ ಬಸ್ಸಿನಲ್ಲಿ ಕೂತು ಆಡುತ್ತಿದ್ದರು. ದುಡ್ಡು ಕಟ್ಟಿ ಆಡೋ ಈ ಆಟಕ್ಕೆ ಆನ್‌ಲೈನ್ ರಮ್ಮಿ ಅಂತ ಹೆಸರು. ಚಕ್ರ ತಿರುಗಿಸೋ ಆಟಗಳೂ ಇವೆ. ಅವಕ್ಕೆ ಆನ್‌ಲೈನ್ ಕ್ಯಾಸಿನೊ ಅಂತಾರೆ. ಇದರಲ್ಲಿ ದುಡ್ಡು ಹೋದ ಕತೆ ಊರಿಗೆಲ್ಲಾ ಗೊತ್ತು. ದುಡ್ಡಿನ ಜೊತೆ ಇನ್ನೊಂದು ಹೋಗುತ್ತೆ. ಅದು ನಮ್ಮ ಸ್ವಂತ ವಿವರ. ಅಂದರೆ ಹೆಸರು, ಫೋಟೋ, ಆಧಾರ್ ನಂಬರ್, ಬ್ಯಾಂಕ್ ಖಾತೆ.

2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಒಂದು ಕಾನೂನು ಮಾಡಿತು. ದುಡ್ಡಿನ ಆನ್‌ಲೈನ್ ಆಟ ಬೇಡ ಅಂತ ಆ ಕಾನೂನು ಹೇಳುತ್ತೆ. ಆಗಸ್ಟ್ 22ರಂದು ರಾಷ್ಟ್ರಪತಿಗಳು ಅದಕ್ಕೆ ಸಹಿ ಹಾಕಿದರು. ದೊಡ್ಡ ಕಂಪನಿಗಳು ಆ ವಾರವೇ ದುಡ್ಡಿನ ಆಟ ನಿಲ್ಲಿಸಿದವು. ಸರಿ, ಆಟ ನಿಂತಿತು. ಆದರೆ ಅವರಿಗೆ ಕೊಟ್ಟ ಆಧಾರ್ ನಂಬರ್ ಏನಾಯ್ತು?

ಆ್ಯಪ್ ಅಳಿಸಿದೆ, ಎಲ್ಲಾ ಹೋಯ್ತು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಆ್ಯಪ್ ನಿಮ್ಮ ಫೋನಿನಿಂದ ಹೋಗುತ್ತೆ, ಅಷ್ಟೇ. ವಿವರ ಕಂಪನಿಯ ಕಂಪ್ಯೂಟರಿನಲ್ಲಿ ಇರುತ್ತೆ. ಅಂಗಡಿ ಬಾಗಿಲು ಹಾಕಿದರೆ ಸಾಲದ ಪುಸ್ತಕ ಸುಟ್ಟು ಹೋಗುತ್ತಾ? ಇದೂ ಹಾಗೇ.

ಅವರು ಏನೇನು ತಗೊಂಡರು, ಯಾಕೆ ತಗೊಂಡರು ನೋಡೋಣ. ಕೆಲವಕ್ಕೆ ಕಾರಣ ಇತ್ತು. 2025ರ ಫೆಬ್ರವರಿಯಲ್ಲಿ ತಮಿಳುನಾಡು ಸರ್ಕಾರ ಒಂದು ನಿಯಮ ತಂದಿತ್ತು. ಆಡೋರು ಆಧಾರ್ ತೋರಿಸಬೇಕು. ಆಧಾರಿಗೆ ಸೇರಿಸಿದ ಫೋನಿಗೆ ಬರೋ ಓಟಿಪಿ ಹಾಕಬೇಕು. ರಾತ್ರಿ 12ರಿಂದ ಬೆಳಗ್ಗೆ 5ರವರೆಗೆ ಆಟ ಇಲ್ಲ. ಚಿಕ್ಕ ಮಕ್ಕಳು ಆಡಬಾರದು ಅನ್ನೋದು ಇದರ ಉದ್ದೇಶ. ಕಂಪನಿಗಳು ಮದ್ರಾಸ್ ಹೈಕೋರ್ಟಿಗೆ ಹೋದವು. ಆಧಾರ್ ಕೇಳಿದರೆ ಜನರ ಖಾಸಗಿತನಕ್ಕೆ ತೊಂದರೆ ಅಂದವು. ಎಷ್ಟೊಂದು ವಿವರ ಕೂಡಿಸಿಕೊಂಡ ಕಂಪನಿಗಳ ಬಾಯಲ್ಲಿ ಈ ಮಾತು! 2025ರ ಜೂನ್ 3ರಂದು ಕೋರ್ಟು ಸರ್ಕಾರದ ನಿಯಮ ಸರಿ ಅಂತ ತೀರ್ಪು ಕೊಟ್ಟಿತು.

ಪಾನ್ ಕಾರ್ಡ್ ಕೇಳಿದ್ದು ತೆರಿಗೆಗೆ. ಗೆದ್ದ ದುಡ್ಡಿನಲ್ಲಿ ನೂರಕ್ಕೆ 30 ರೂಪಾಯಿ ತೆರಿಗೆ ಹಿಡಿಯಬೇಕಿತ್ತು. ಬ್ಯಾಂಕ್ ಖಾತೆ ಕೇಳಿದ್ದು ದುಡ್ಡು ಹಾಕೋಕೆ, ತೆಗೆಯೋಕೆ. ನೀವು ಯಾವ ಊರಲ್ಲಿ ಇದ್ದೀರಿ ಅಂತ ನೋಡಿದ್ದು, ಕೆಲವು ರಾಜ್ಯಗಳಲ್ಲಿ ಆಟ ಮೊದಲೇ ನಿಷೇಧ ಆಗಿತ್ತು ಅಂತ.

ಆದರೆ ಕೆಲವು ಆ್ಯಪ್‌ಗಳು ಇಷ್ಟಕ್ಕೇ ನಿಲ್ಲಲ್ಲ. ಫೋನಿನಲ್ಲಿರೋ ಎಲ್ಲರ ನಂಬರ್ ನೋಡಲಾ ಅಂತ ಕೇಳುತ್ತೆ. ಮೆಸೇಜ್ ಓದಲಾ ಅಂತ ಕೇಳುತ್ತೆ. ರಮ್ಮಿ ಆಡೋಕೆ ನಿಮ್ಮ ಅತ್ತೆಯ ಫೋನ್ ನಂಬರ್ ಯಾಕೆ ಬೇಕು? ನಾವು ಅಲ್ಲಿ ‘ಅಲೋ’ ಅಂತ ಇರೋದನ್ನು ಒತ್ತಿಬಿಡುತ್ತೀವಿ. ಅಲೋ ಅಂದರೆ ಒಪ್ಪಿಗೆ ಕೊಟ್ಟೆ ಅಂತ ಅರ್ಥ. ಅದರ ಹಿಂದೆ ಇಂಗ್ಲಿಷಿನಲ್ಲಿ ಹತ್ತಾರು ಪುಟ ಇರುತ್ತೆ. ಓದು ಬಂದವರೂ ಅದನ್ನು ಓದಲ್ಲ. ಏನು ಬರೆದಿದೆ ಅಂತ ತಿಳಿಯದೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರಲ್ಲ, ಇದೂ ಅದೇ. ಈಗ ಬೆರಳು ಗಾಜಿನ ಮೇಲೆ ಒತ್ತುತ್ತೆ.

ಇನ್ನೂ ಒಂದು ವಿವರ ಇದೆ. ಅದನ್ನು ನಾವು ಕೈಯಾರೆ ಬರೆದು ಕೊಟ್ಟಿರಲ್ಲ. ಯಾವ ಹೊತ್ತಿಗೆ ಆಡ್ತೀವಿ, ಎಷ್ಟು ಸೋತೆವು, ಸೋತ ಮೇಲೆ ಎಷ್ಟು ನಿಮಿಷಕ್ಕೆ ಮತ್ತೆ ದುಡ್ಡು ಹಾಕಿದೆವು. ಇದೆಲ್ಲಾ ಅಲ್ಲಿ ದಾಖಲೆ ಆಗುತ್ತೆ. ಸೋತು ಎರಡು ದಿನ ಸುಮ್ಮನಿದ್ದವನಿಗೆ ‘50 ರೂಪಾಯಿ ಬೋನಸ್’ ಅಂತ ಮೆಸೇಜ್ ಕಳಿಸೋಕೆ ಆ ದಾಖಲೆ ಸಾಕು. ನನ್ನ ಕೇಳಿದರೆ, ಆಧಾರ್ ನಂಬರಿಗಿಂತ ಇದು ಹೆಚ್ಚು ಅಪಾಯ. ನಮ್ಮ ಚಪಲ ಎಲ್ಲಿದೆ ಅಂತ ಇದು ಹೇಳಿಕೊಡುತ್ತೆ.

ಇದು ನಮ್ಮ ದೇಶದ ಕತೆ ಮಾತ್ರ ಅಲ್ಲ. ಬ್ರಿಟನ್ನಿನಲ್ಲಿ ಸ್ಕೈ ಬೆಟ್ಟಿಂಗ್ ಅಂತ ಜೂಜಿನ ಕಂಪನಿ ಇದೆ. ಅದು ಜನರ ಒಪ್ಪಿಗೆ ಕೇಳೋಕೆ ಮೊದಲೇ ಅವರ ವಿವರ ಜಾಹೀರಾತು ಕಂಪನಿಗಳಿಗೆ ಕೊಟ್ಟಿತ್ತು. 2024ರಲ್ಲಿ ಅಲ್ಲಿನ ಸರ್ಕಾರಿ ಕಚೇರಿ ಅದಕ್ಕೆ ಛೀಮಾರಿ ಹಾಕಿತು.

ನಮಗೆ ಕಾನೂನು ಇಲ್ವಾ? ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅದು ಆಧಾರ್ ವಿಷಯದ ಕೇಸು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದರು. ಬಡವರಿಗೂ ಆ ಹಕ್ಕು ಇದೆ.

ಆಮೇಲೆ 2023ರಲ್ಲಿ ಸ್ವಂತ ವಿವರ ಕಾಪಾಡೋ ಕಾನೂನು ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು. ಕಂಪನಿಗಳು ತಯಾರಾಗೋಕೆ ಆ ನಿಯಮದಲ್ಲಿ ಹದಿನೆಂಟು ತಿಂಗಳ ಗಡುವು ಕೊಟ್ಟರು. ಇದರಲ್ಲಿ ನಮಗೆ ಬೇಕಾದ ಒಂದು ಮಾತು ಇದೆ. ಒಪ್ಪಿಗೆ ಕೇಳುವಾಗ ಅದನ್ನು ಕನ್ನಡದಲ್ಲಿ ಓದೋ ಅವಕಾಶ ಕೊಡಬೇಕು! ಸಂವಿಧಾನದ ಎಂಟನೇ ಪಟ್ಟಿಯಲ್ಲಿ 22 ಭಾಷೆ ಇವೆ. ನಮ್ಮ ಕನ್ನಡವೂ ಇದೆ, ತಮಿಳೂ ತೆಲುಗೂ ಇವೆ. ನಾವು ಇರೋದು ತಮಿಳುನಾಡಿನಲ್ಲಿ, ಆದರೂ ಕನ್ನಡದಲ್ಲಿ ಕೇಳಬಹುದು. ಕೊಟ್ಟ ಒಪ್ಪಿಗೆ ವಾಪಸ್ ತಗೋಬಹುದು. ವಿವರ ಅಳಿಸಿ ಅಂತ ಹೇಳಬಹುದು. 50 ಲಕ್ಷಕ್ಕಿಂತ ಹೆಚ್ಚು ಜನ ಸೇರಿರೋ ಆಟದ ಕಂಪನಿ, ಮೂರು ವರ್ಷ ಆ ಕಡೆ ಹೋಗದವರ ವಿವರ ತಾನಾಗೇ ಅಳಿಸಬೇಕು. ವಿವರ ಭದ್ರವಾಗಿ ಇಡದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು.

ಕದ್ದು ಆಡಿಸೋರಿಗೆ ಈ ಕಾನೂನು ಮುಟ್ಟೋದು ಕಷ್ಟ. ಅವರ ಕಚೇರಿ ಎಲ್ಲೋ ಬೇರೆ ದೇಶದಲ್ಲಿ ಇರುತ್ತೆ. ಆ್ಯಪ್ ಲಿಂಕ್ ವಾಟ್ಸಾಪಿನಲ್ಲಿ ಬರುತ್ತೆ. ಮಹಾದೇವ್ ಆ್ಯಪ್ ಹೆಸರು ಕೇಳಿರಬಹುದು. ಅದನ್ನು ದುಬೈ ಕಡೆಯಿಂದ ನಡೆಸುತ್ತಿದ್ದರು, ಜೂಜಿನ ದುಡ್ಡು ಬೇನಾಮಿ ಬ್ಯಾಂಕ್ ಖಾತೆಗಳಲ್ಲಿ ಓಡಾಡಿತು ಅಂತ ಜಾರಿ ನಿರ್ದೇಶನಾಲಯ 2023ರಲ್ಲಿ ಹೇಳಿತು. ಬೇನಾಮಿ ಖಾತೆ ಎಲ್ಲಿಂದ ಬರುತ್ತೆ? ಯಾರದೋ ಆಧಾರ್, ಯಾರದೋ ಫೋಟೋ ಇದ್ದರೆ ಬರುತ್ತೆ. ಪೊಲೀಸರು ಮೊದಲು ಬರೋದು ಹೆಸರು ಇರೋನ ಮನೆಗೆ. ‘ಖಾತೆ ಬಾಡಿಗೆಗೆ ಕೊಡಣ್ಣ, ತಿಂಗಳಿಗೆ ಇಷ್ಟು ಕೊಡ್ತೀವಿ’ ಅಂತ ಯಾರಾದರೂ ಕೇಳಿದರೆ ಒಪ್ಪಬೇಡಿ.

ಮೊದಲು ಆಡಿದವರು ಈಗ ಏನು ಮಾಡಬೇಕು? ಆ್ಯಪ್ ಅಳಿಸೋ ಮುಂಚೆ ಅದರೊಳಗೆ ಹೋಗಿ ಖಾತೆ ಮುಚ್ಚಿ. ಆಧಾರ್ ಬಗ್ಗೆ ಅನುಮಾನ ಇದ್ದರೆ 1947ಕ್ಕೆ ಫೋನ್ ಮಾಡಿ, ಅಲ್ಲಿ ಕನ್ನಡದಲ್ಲಿ ಮಾತಾಡಬಹುದು. ನಿಮ್ಮ ಬೆರಳಚ್ಚಿಗೆ ಬೀಗ ಹಾಕೋ ಸೌಲಭ್ಯ ಇದೆ. ಖಾತೆಯಿಂದ ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಕಂಪನಿಗೆ ಒಂದು ಪತ್ರವನ್ನೂ ಬರೆಯಿರಿ. ಕೆಳಗೆ ಮಾದರಿ ಇದೆ. ನೋಟ್ ಬುಕ್ಕಿನಲ್ಲಿ ಎರಡು ಸಲ ಬರೆದು ಕಲಿಯಿರಿ. ಆಮೇಲೆ ಮನೆಯ ಮಕ್ಕಳ ಕೈಲಿ ಫೋನಿನಲ್ಲಿ ಕಳಿಸಿ. ತೆರಿಗೆ ಲೆಕ್ಕಕ್ಕೆ ಬೇಕಾದ ವಿವರ ಅವರು ಸ್ವಲ್ಪ ಕಾಲ ಇಟ್ಟುಕೊಳ್ಳಬಹುದು. ಉಳಿದದ್ದು ಅಳಿಸೋಕೆ ಕೇಳಿ.

‘ನಾನು ನಿಮ್ಮ ಆಟ ಬಿಟ್ಟಿದ್ದೇನೆ. ನನ್ನ ಖಾತೆ ಮುಚ್ಚಿ. ನನ್ನ ಆಧಾರ್, ಫೋಟೋ, ಬ್ಯಾಂಕ್ ವಿವರ, ಫೋನ್ ನಂಬರ್‌ಗಳನ್ನು ಅಳಿಸಿ. ನನ್ನ ವಿವರ ಬೇರೆ ಯಾರಿಗೆ ಕೊಟ್ಟಿದ್ದೀರಿ ತಿಳಿಸಿ. ಉತ್ತರ ಕನ್ನಡದಲ್ಲಿ ಬರೆಯಿರಿ.’